39 ಅಲ್ಲ, 40 ಬೈಟ್: ಲಕ್ಸ್ ಇಮೇಜ್ ಕೊನೆಗೂ ತೆರೆಯಿತು

ಕಲಬುರಗಿ, ಮೂರನೆಯ ವಾರದ ಟಿಪ್ಪಣಿ.

ಅಜ್ಜನ ಹೊಲಕ್ಕೆ ಸಂಬಂಧಿಸಿದ, 1948ಕ್ಕೂ ಹಿಂದಿನ ನಿಜಾಮರ ಕಾಲದ ಉರ್ದು ಕಾಗದಗಳನ್ನು ಸ್ಕ್ಯಾನ್ ಮಾಡಿ, ಲಿನಕ್ಸ್‌ನ ಲಕ್ಸ್ (LUKS) ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿದ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ, ಡಿಸ್ಕ್ ಇಮೇಜ್‌ನಲ್ಲಿ (ಡಿಸ್ಕ್‌ನಂತೆ ವರ್ತಿಸುವ ಒಂದು ಫೈಲ್) ಇಟ್ಟಿದ್ದೆ. ಎರಡು ವಾರಗಳಿಂದ ಅದು ತೆರೆದಿರಲಿಲ್ಲ. ಪಾಸ್‌ವರ್ಡ್ ಮಾತ್ರ ನೋಟ್‌ಬುಕ್ಕಿನಲ್ಲಿ ನನ್ನ ಕೈಬರಹದಲ್ಲಿಯೇ ಇತ್ತು: ‘ಶಹಾಬಾದ್‌ಕಲ್ಲು’. ಆ ಕೀಲಿಯನ್ನು ಈಗ ಅಳಿಸಿರುವುದರಿಂದ ಇಲ್ಲಿ ಬರೆಯಲು ಅಡ್ಡಿಯಿಲ್ಲ.

ಪಾಸ್‌ವರ್ಡ್‌ನ ತುದಿ ಕತ್ತರಿಸಿಹೋಗುತ್ತಿದೆಯೆಂದು ಮೊದಲು ಶಂಕಿಸಿದ್ದೆ. ಅದು ತಪ್ಪು, ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಕ್ರಿಪ್ಟ್‌ಸೆಟಪ್‌ನ (ಲಕ್ಸ್ ಇಮೇಜ್ ರಚಿಸುವ, ತೆರೆಯುವ ತಂತ್ರಾಂಶ) ಮಿತಿ 512 ಬೈಟ್.

ಆದರೆ ಕನ್ನಡ ಪದದ ಉದ್ದ ಕಣ್ಣಿಗೆ ಕಂಡಷ್ಟೇ ಇರುವುದಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ವ್ಯಂಜನ, ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳು. ‘ಕಲ್ಲು’ ನಮಗೆ ಎರಡಕ್ಷರ, ಯಂತ್ರಕ್ಕೆ 15 ಬೈಟ್. ಇದರ ಜೊತೆಗೆ, ‘ದ್’ ಕೆಳಗೆ ‘ಕ’ ಒತ್ತಾಗಿ ಕೂರದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಸಂಕೇತವೊಂದು ನಡುವೆ ಇರುತ್ತದೆ. ಅದು ಇದ್ದರೆ ಇಡೀ ಪದ 39 ಬೈಟ್, ಇಲ್ಲದಿದ್ದರೆ 36. ಪಾಸ್‌ವರ್ಡ್ ಕೊಡುವಾಗ ಪರದೆಯ ಮೇಲೆ ಏನೂ ಮೂಡದ ಕಾರಣ ಯಾವುದು ಹೋಯಿತೆಂದು ತಿಳಿಯುವುದಿಲ್ಲ. ಎರಡನ್ನೂ ಹತ್ತಾರು ಬಾರಿ ಕೊಟ್ಟರೂ ಪ್ರತಿ ಸಲ ಎರಡು ಸೆಕೆಂಡು ಕಾಯಿಸಿ, ಹೊಂದುವ ಕೀಲಿ ಇಲ್ಲವೆಂದೇ ಉತ್ತರ ಬಂತು.

ಶನಿವಾರ ರಾತ್ರಿ, ಇಮೇಜ್ ರಚಿಸಿದ ಹಳೆಯ ಸ್ಕ್ರಿಪ್ಟ್ ಸಿಕ್ಕಿತು. ಅದರಲ್ಲಿ, ಕೊಟ್ಟ ಪಠ್ಯವನ್ನು ಹೊರಹಾಕುವ ‘ಎಕೋ’ ಆದೇಶದ ಫಲವನ್ನು ಪೈಪ್ ಮೂಲಕ (ಒಂದು ಆದೇಶದ ಫಲವನ್ನು ನೇರವಾಗಿ ಇನ್ನೊಂದಕ್ಕೆ ಸಾಗಿಸುವ ದಾರಿ) ಕ್ರಿಪ್ಟ್‌ಸೆಟಪ್‌ನ ಕೀ-ಫೈಲ್ ಆಯ್ಕೆಗೆ, ಅಂದರೆ ಪಾಸ್‌ವರ್ಡನ್ನು ಫೈಲ್‌ನಂತೆ ಓದುವ ಆಯ್ಕೆಗೆ ಕೊಟ್ಟಿದ್ದೆ. ಎಕೋ ಕೊನೆಗೆ ಹೊಸ ಸಾಲಿನ ಒಂದು ಬೈಟ್ ಸೇರಿಸುತ್ತದೆ, ಕೀ-ಫೈಲ್ ಆಯ್ಕೆ ಅದನ್ನೂ ಕೀಲಿಯ ಭಾಗವಾಗಿಯೇ ಓದುತ್ತದೆ. ಕೈಯಿಂದ ಟೈಪ್ ಮಾಡಿದಾಗಲಾದರೋ ಎಂಟರ್ ಒತ್ತುವುದು ಮುಗಿಯಿತೆಂಬ ಸೂಚನೆ ಮಾತ್ರ. ಹೀಗಾಗಿ ನಿಜವಾದ ಕೀಲಿ 40 ಬೈಟ್‌ನದು, ಎಷ್ಟೇ ಎಚ್ಚರದಿಂದ ಬೆರಳಾಡಿಸಿದರೂ ನಾನು ಅದನ್ನು ಟೈಪ್ ಮಾಡಲಾರೆ. ಅದೇ ಪೈಪ್‌ನಿಂದ ಕೊಟ್ಟೊಡನೆ ಇಮೇಜ್ ತೆರೆಯಿತು, ಅಂಚು ಹರಿದ ಮೊದಲ ಕಾಗದ ಪರದೆಯ ಮೇಲೆ ಬಂತು.

ಮೊದಲು ಹೆಡರ್‌ನ (ಕೀಲಿಗಳ ವಿವರವಿರುವ, ಇಮೇಜ್‌ನ ಆರಂಭದ ಭಾಗ) ಪ್ರತಿ ತೆಗೆದುಕೊಂಡು, ಅದರೊಳಗಿನ ಹೊಸ ಸ್ಲಾಟ್‌ಗೆ (ಒಂದು ಕೀಲಿಯ ಜಾಗ) ಬರೀ ಇಂಗ್ಲಿಷ್ ಅಕ್ಷರಗಳ ಉದ್ದನೆಯ ಪದಗುಚ್ಛ ಸೇರಿಸಿದೆ. ಕ್ರಿಪ್ಟ್‌ಸೆಟಪ್‌ನ ಕೈಪಿಡಿಯ ಸಲಹೆಯೂ ಅದೇ. ಕನ್ನಡವನ್ನು ಬಿಡಬೇಕಾದದ್ದು ಮನಸ್ಸಿಗೆ ನೋವಾದರೂ ಬೇರೆ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಇರುತ್ತದೆಂಬ ಭರವಸೆಯಿಲ್ಲ. ಹೊಸದನ್ನು ಪರೀಕ್ಷಿಸಿ ನೋಡಿದ ಮೇಲೆಯೇ ಹಳೆಯ ಸ್ಲಾಟ್ ಅಳಿಸಿದೆ. ಮೊದಲು ತೆಗೆದ ಹೆಡರ್ ಪ್ರತಿಯಲ್ಲಿ ಹಳೆಯ ಕೀಲಿ ಇನ್ನೂ ಜೀವಂತವಾಗಿರುತ್ತದೆ, ಆದ್ದರಿಂದ ಅದನ್ನು ನಾಶಮಾಡಿ, ಹೊಸ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಅಲ್ಮಾರಿಯಲ್ಲಿ ಇಟ್ಟಿದ್ದೇನೆ.