ಸಣಾಪುರದ ಬಂಡೆ ಮೇಲೆ ಒಂದು ಟವೆಲ್, ಒಂದು ಶೇಂಗಾ

ಏಪ್ರಿಲ್ ಬಿಸಿಲಲ್ಲಿ ಗಂಗಾವತಿ ಕಡೆ ಯಾರಾದ್ರೂ ಟೂರ್ ಹೋಗ್ತಾರಾ ಅಂತ ಮನೆಯಲ್ಲಿ ಬೈದರು. ಆದರೆ 2025ರ ಏಪ್ರಿಲ್ 27 ಅಮಾವಾಸ್ಯೆ, ಅದೂ ಭಾನುವಾರ. ನಮ್ಮ ಭಾವ ಹೈಸ್ಕೂಲ್ ಮಾಸ್ತರ್, ಆಕಾಶದ ಹುಚ್ಚು. ಶನಿವಾರ ಬಳ್ಳಾರಿ ಬಿಟ್ಟು, ಕಂಪ್ಲಿ ದಾಟಿ, ಗಂಗಾವತಿಯಲ್ಲಿ ಒಗ್ಗರಣಿ-ಮಿರ್ಚಿ ತಿಂದು, ಟೆಲಿಸ್ಕೋಪ್ ಡಬ್ಬಿಯನ್ನು ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು ಸಣಾಪುರ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ರಾತ್ರಿ ಒಂಬತ್ತಾದರೂ ಬಂಡೆಗಳು ರೊಟ್ಟಿ ಹಂಚಿನಂತೆ ಕಾದಿದ್ದವು.

ಎರಡು ರಾತ್ರಿ ಒಂದೇ ಜಾಗದ ಫೋಟೊ ತೆಗೆದೆವು. ಭಾವ ಅವನ್ನು ಲ್ಯಾಪ್‌ಟಾಪಿನಲ್ಲಿ ಒಂದಾದ ಮೇಲೊಂದು ಮಿಟುಕಿಸಿದರು. ನಕ್ಷತ್ರಗಳೆಲ್ಲ ಇದ್ದಲ್ಲೇ ಇದ್ದವು, ಒಂದು ಚುಕ್ಕಿ ಮಾತ್ರ ಪಕ್ಕಕ್ಕೆ ಜಿಗಿಯಿತು. ವೆಸ್ಟಾ! ಅದು ಮಂಗಳ, ಗುರುಗಳ ನಡುವೆ ಇರುವ ಕ್ಷುದ್ರಗ್ರಹ, ನಮ್ಮ ತಂಟೆಗೆ ಬರಲ್ಲ. ಆದರೆ ಭೂಮಿ ಹತ್ತಿರ ಸುಳಿಯುವವನ್ನು ಹಿಡಿಯುವುದೂ ಹೀಗೆ, ಜಾಗ ಬದಲಿಸಿದ ಚುಕ್ಕಿ ನೋಡಿಯೇ. ಅಂಥದ್ದೊಂದರ ದಾರಿ ಭೂಮಿಯ ದಾರಿಗೆ 75 ಲಕ್ಷ ಕಿ.ಮೀ. ಒಳಗೆ ಬಂದು, ಗಾತ್ರ ಸುಮಾರು 140 ಮೀಟರಿಗಿಂತ ಜಾಸ್ತಿ ಇದ್ದರೆ ಅಪಾಯಕಾರಿಗಳ ಪಟ್ಟಿಗೆ ಸೇರುತ್ತದೆ.

"ಭಾವ, 2024 ವೈಆರ್4 ಅನ್ನೋ ಕ್ಷುದ್ರಗ್ರಹ ಭೂಮಿಗೆ ಬೀಳತೈತಿ ಅಂತ ಫೆಬ್ರುವರಿಯಾಗ ಹೆದರಿಸಿದ್ರಲ್ಲ, ಬೀಳೋ ಸಾಧ್ಯತೆ 3.1 ಪರ್ಸೆಂಟಿಗೆ ಏರಿದ್ದು ಒಮ್ಮೆಲೇ ಹೆಂಗ ಇಳೀತು? ಸುಳ್ಳಾ?"

ಭಾವ ಹೆಗಲ ಮೇಲಿನ ಟವೆಲ್ ಬಂಡೆ ಮೇಲೆ ಹಾಸಿದರು. ಅಂಚಿನ ಹತ್ತಿರ ಒಂದು ಶೇಂಗಾ ಇಟ್ಟರು.

"2032ರ ಡಿಸೆಂಬರ್ 22ಕ್ಕ ಆ ಕಲ್ಲು ಎಲ್ಲೆಲ್ಲಿ ಇರಬಹುದೋ ಅಷ್ಟೂ ಜಾಗ ಈ ಟವೆಲ್. ಶೇಂಗಾ ಅಂದ್ರ ಭೂಮಿ."

ಹೊಸದಾಗಿ ನೋಡಿದಷ್ಟೂ ದಾರಿ ನಿಖರವಾಗುತ್ತದೆ, ಟವೆಲ್ ಚಿಕ್ಕದಾಗುತ್ತದೆ. ಆ ಕಡೆಯಿಂದ ಒಂದು ಮಡಿಕೆ, ಇನ್ನೊಂದು ಮಡಿಕೆ. ಶೇಂಗಾ ಇದ್ದಷ್ಟೇ ಇದೆ, ಟವೆಲಿನಲ್ಲಿ ಅದರ ಪಾಲು ಮಾತ್ರ ದೊಡ್ಡದಾಯ್ತು ಅಲ್ವಾ? ಪರ್ಸೆಂಟ್ ಏರಿದ್ದು ಹಂಗೆ. ಆಮೇಲೆ ಈ ಕಡೆ ಅಂಚನ್ನು ಮೆಲ್ಲಗೆ ಅಡಿಗೆ ಮಡಚಿದರು. ಶೇಂಗಾ ಜಾರಿ ಬಂಡೆಗೆ ಬಿತ್ತು. ಪೇಪರಿನಲ್ಲಿ ಓದಿ ನನಗೆ ತಿಳಿಯದ್ದು ಅಲ್ಲಿ ತಿಳಿಯಿತು.

2004ರಲ್ಲಿ ಅಪೋಫಿಸ್ ಅನ್ನೋ ಇನ್ನೊಂದು ಕ್ಷುದ್ರಗ್ರಹದ್ದು ಕೂಡ ಹೀಗೇ 2.7 ಪರ್ಸೆಂಟಿಗೆ ಏರಿ ಇಳಿದಿತ್ತಂತೆ. 2029ರ ಏಪ್ರಿಲ್ 14ರ ಬೆಳಗಿನ ಜಾವ, ನಮ್ಮ ಗಡಿಯಾರದಲ್ಲಿ ಮೂರೂಕಾಲಕ್ಕೆ, ಅದು ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಟಿವಿ ಉಪಗ್ರಹಗಳು ಇರುವುದು ಅದಕ್ಕಿಂತ ಮೇಲೆ, 36,000ದಲ್ಲಿ. ಭಾವ ಇಷ್ಟು ಹೇಳಿ ಭೂಮಿಯ ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡರು.

ಶೇಂಗಾ ಕೊಟ್ಟಿದ್ದ ಮನೆಯ ಅವ್ವ ಬಾಗಿಲಲ್ಲೇ ನಿಂತು ಎಲ್ಲಾ ಕೇಳಿಸಿಕೊಂಡಿದ್ದರು.

"ಮತ್ತ, ಬೀಳಂಗಿಲ್ಲ ಹೌದಲ್ಲೋ?"

"ಇಲ್ಲಬೇ."

"ಹಂಗಾರ ಒಳಗ ಬಂದು ಮಲಕ್ಕೋರಿ. ಬಂಡಿ ಸಂದ್ಯಾಗ ಚೇಳು ಅದಾವು."