ಕಿಟ್ ಕಾರಿನ ಮೂತಿಯೊಳಗೆ ಆಲ್ಟರ್ನೇಟರ್

2024 ಮಾರ್ಚ್ 16, ಶನಿವಾರ, ಡರ್ಬಿ

ಲೋಟಸ್ ಸೆವೆನ್ ಮಾದರಿಯ ಕಾರಿನ ಬಾನೆಟ್ ಒಮ್ಮೆ ಎತ್ತಿ ನೋಡಿದವರಿಗೆ ಗೊತ್ತು, ಒಳಗೆ ಜಾಗ ಎಷ್ಟಿದೆ ಅಂತ. 1957ರಲ್ಲಿ ಕಾಲಿನ್ ಚಾಪ್‌ಮನ್ ಇದನ್ನು ಹೊರತಂದಾಗ ತೂಕ ಇಳಿಸುವುದೇ ಅವರ ಲೆಕ್ಕವಾಗಿತ್ತು. ಸ್ಪ್ಯಾನರ್ ಹಿಡಿದ ಕೈಗೂ ಜಾಗ ಬೇಕು ಅನ್ನೋದು ಆ ಲೆಕ್ಕದಲ್ಲಿ ಇರಲಿಲ್ಲ.

ನನ್ನದೂ ಅದೇ ಮಾದರಿಯ ಕಿಟ್ ಕಾರು, ಅಂದರೆ ಬಿಡಿಭಾಗ ತಂದು ನಾವೇ ಕಟ್ಟಿಕೊಳ್ಳುವಂಥದ್ದು. ಅದರಲ್ಲಿರುವುದು ಹಳೆಯ ಎಸ್ಕಾರ್ಟ್ ಕಾರಿನಿಂದ ತೆಗೆದ 1.6 ಲೀಟರ್ ಫೋರ್ಡ್ ಕ್ರಾಸ್‌ಫ್ಲೋ ಎಂಜಿನ್. ಅದರ ಜೊತೆ ಬಂದ ಲೂಕಸ್ 17ಎಸಿಆರ್ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಎಸ್ಕಾರ್ಟ್‌ನಲ್ಲಿ ಆರಾಮಾಗಿತ್ತು. ಇಲ್ಲಿ ಬೆಲ್ಟ್ ಬಿಗಿ ಮಾಡಲು ಹೊರಕ್ಕೆ ಎಳೆದರೆ ನೇರವಾಗಿ ಚಾಸಿ ಪೈಪಿಗೆ ತಾಗುತ್ತದೆ. ಅದಕ್ಕೇ ಕುಬೋಟಾ ಟ್ರ್ಯಾಕ್ಟರ್‌ಗಳಲ್ಲಿ ಬರುವಂಥ ಪುಟ್ಟ ಡೆನ್ಸೋ ಆಲ್ಟರ್ನೇಟರ್ ತಂದೆ. ಪುಟ್ಟದಾದರೂ 40 ಆಂಪ್ ಕೊಡುತ್ತದೆ. ಲೂಕಸ್ ಕೊಡುತ್ತಿದ್ದದ್ದು 36. ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್, ಫ್ಯುಯೆಲ್ ಪಂಪ್, ಇಗ್ನಿಷನ್ ಎಲ್ಲ ಕೂಡಿಸಿದರೂ ನನ್ನ ಲೆಕ್ಕ 35 ದಾಟಲಿಲ್ಲ. ಎಸಿ ಇಲ್ಲ, ಮ್ಯೂಸಿಕ್ ಇಲ್ಲ, ಸಾಕಲ್ವಾ?

ಹಳೇ ಬ್ರ್ಯಾಕೆಟ್ ಇದಕ್ಕೆ ಹೊಂದುವುದಿಲ್ಲ. ಮೊದಲು ರಟ್ಟಿನಲ್ಲಿ ಕತ್ತರಿಸಿ ಇಟ್ಟು ನೋಡಿದೆ, ಆಮೇಲೆ 6 ಮಿ.ಮೀ. ಸ್ಟೀಲ್ ಪ್ಲೇಟ್. ಈ ಕೆಲಸದಲ್ಲಿ ರಟ್ಟಿನಷ್ಟು ಒಳ್ಳೆ ಟೂಲ್ ಇನ್ನೊಂದಿಲ್ಲ. ಆದರೆ ಎಂಜಿನ್ ಸುಮ್ನೆ ನಿಂತಿರುವಾಗ ಕಾಣುವ ಗ್ಯಾಪ್ ನಂಬಬಾರದು. ರಬ್ಬರ್ ಮೌಂಟಿಂಗ್ ಮೇಲಿರುವ ಎಂಜಿನ್ ಆಕ್ಸಿಲರೇಟರ್ ಒತ್ತಿದಾಗ ವಾಲುತ್ತದೆ. ಪೈಪಿನಿಂದಲೂ ಸ್ಟೀರಿಂಗ್ ಶಾಫ್ಟ್‌ನಿಂದಲೂ ಎರಡು ಬೆರಳು ದೂರ ಇಟ್ಟಿದ್ದೇನೆ.

ಜಾಸ್ತಿ ಹೊತ್ತು ತಿಂದದ್ದು ಪುಲ್ಲಿಗಳನ್ನು ಒಂದೇ ಗೆರೆಗೆ ತರುವ ಕೆಲಸ. ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್), ವಾಟರ್ ಪಂಪ್, ಆಲ್ಟರ್ನೇಟರ್, ಮೂರಕ್ಕೂ ಒಂದೇ ವಿ-ಬೆಲ್ಟ್. ಒಂದು ಪುಲ್ಲಿ ಸ್ವಲ್ಪ ಹಿಂದೆ ಕೂತರೂ ಬೆಲ್ಟ್ ಕಿರುಚುತ್ತದೆ, ಅಂಚು ಸವೆಯುತ್ತದೆ. ಸ್ಟೀಲ್ ಸ್ಕೇಲನ್ನು ಪುಲ್ಲಿಗಳ ಮುಖಕ್ಕೆ ಅಡ್ಡ ಹಿಡಿದರೆ ಡೆನ್ಸೋ 4 ಮಿ.ಮೀ. ಹಿಂದಿತ್ತು. ದಾವಣಗೆರೆಯಲ್ಲಿ ಲೇತ್ ಇಟ್ಟುಕೊಂಡಿರುವ ಮಾವನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ವಾಷರ್ ಮೇಲೆ ವಾಷರ್ ಪೇರಿಸ್ಬೇಡಪ್ಪ, ಅಲುಗಾಡ್ತಾವ. ಒಂದೇ ಬುಶ್ ಮಾಡಿಸ್ಕೋ" ಅಂದರು. ಇಲ್ಲಿನ ಗೆಳೆಯನ ಲೇತ್‌ನಲ್ಲಿ ಹಾಗೇ ಆಯಿತು.

ಕ್ರ್ಯಾಂಕ್ ಪುಲ್ಲಿ ಆಲ್ಟರ್ನೇಟರ್ ಪುಲ್ಲಿಯ ಎರಡರಷ್ಟಿದೆ. ಎಂಜಿನ್ ನಿಮಿಷಕ್ಕೆ 6,000 ಸುತ್ತಿದರೆ ಇದು 12,000. ತೊಂದರೆಯಿಲ್ಲ.

ಕೆಳಗಿನ ಉದ್ದ ಬೋಲ್ಟನ್ನು ಮುಂದಿನಿಂದಲೇ ತೂರಿಸಿದೆ, ನಟ್ಟನ್ನು ಬ್ರ್ಯಾಕೆಟ್ಟಿಗೇ ವೆಲ್ಡ್ ಮಾಡಿಸಿದೆ. ಹಿಂದಿನಿಂದ ತೂರಿಸಿದರೆ ಕೂಡಿಸುವುದು ಸುಲಭ. ಆದರೆ ಮುಂದೊಂದು ದಿನ ಬೇರಿಂಗ್ ಹೋದರೆ ಬೋಲ್ಟ್ ಪೈಪಿಗೆ ಅಡ್ಡ ಬಂದು, ಎಂಜಿನ್ನೇ ಎತ್ತಬೇಕಾಗುತ್ತದೆ. ಕಿಟ್ ಕಾರು ಕಟ್ಟುವವರು ಕೂಡಿಸುವ ಉತ್ಸಾಹದಲ್ಲಿ ಬಿಚ್ಚುವುದನ್ನು ಯೋಚಿಸುವುದಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ವೈರಿಂಗ್‌ನಲ್ಲಿ ಹೆಚ್ಚೇನಿಲ್ಲ. ಬ್ಯಾಟರಿಗೆ ಹೋಗುವ ದಪ್ಪ ಕೇಬಲ್ 16 ಚದರ ಮಿ.ಮೀ. ಅದರಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಅದಕ್ಕೇ ಬ್ಯಾಟರಿಯ ನೆಗೆಟಿವ್ ಮೊದಲೇ ಕಳಚಿಟ್ಟಿದ್ದೆ. ಡ್ಯಾಶ್‌ನ ಚಾರ್ಜಿಂಗ್ ದೀಪಕ್ಕೆ ಎಲ್‌ಇಡಿ ಬೇಡ ಅಂತ 2.2 ವಾಟ್‌ನ ಹಳೇ ಬಲ್ಬೇ ಹಾಕಿದೆ. ಹಲವು ಆಲ್ಟರ್ನೇಟರ್‌ಗಳಲ್ಲಿ ಒಳಗೆ ತಿರುಗುವ ರೋಟರಿಗೆ ಮೊದಲ ಕರೆಂಟ್ ಹೋಗುವುದು ಈ ದೀಪದ ಮೂಲಕವೇ. ಎಲ್‌ಇಡಿ ಬಿಡುವ ಕರೆಂಟ್ ಅದಕ್ಕೆ ಸಾಲುವುದಿಲ್ಲ.

ಸಂಜೆ ಸ್ಟಾರ್ಟ್ ಮಾಡಿದೆ. ಎಂಜಿನ್ ಆಫ್ ಇದ್ದಾಗ ಮೀಟರ್ 12.5 ವೋಲ್ಟ್ ತೋರಿಸುತ್ತಿತ್ತು. ಸ್ವಲ್ಪ ರೇಸ್ ಮಾಡಿದ ಮೇಲೆ 14.2. ಹೆಡ್‌ಲೈಟ್, ಫ್ಯಾನ್ ಎರಡೂ ಹಾಕಿದಾಗ 13.8ಕ್ಕೆ ನಿಂತಿತು. ಬೆಲ್ಟ್ ಕಿರುಚಲಿಲ್ಲ. ಹೊಸ ಬೆಲ್ಟ್ ಸ್ವಲ್ಪ ಓಡಿದ ಮೇಲೆ ಸಡಿಲವಾಗುತ್ತದೆ, ಮತ್ತೆ ಬಿಗಿ ಮಾಡಬೇಕು. ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ತಗ್ಗಿದರೆ ಸರಿ.

ಎಕ್ಸಾಸ್ಟ್ ಕಡೆಯಿಂದ ಬರುವ ಬಿಸಿಗೆ ತಗಡಿನ ಮರೆ ಇನ್ನೂ ಬಾಕಿ. ಆಲ್ಟರ್ನೇಟರ್ ಒಳಗಿರುವ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಹೆಚ್ಚು ಬಿಸಿ ತಡೆಯುವುದಿಲ್ಲ. ನಾಳೆ ಅಲ್ಯೂಮಿನಿಯಂ ಹಾಳೆ ತರಬೇಕು.