ಎರಡು ‘ಬಿಟ್ಟು’ ಒಟ್ಟಿಗೆ ಬರೆದರೆ ಗೋಡೆಯೂ ಮಾಯ

ಮಂಗಳೂರಿನ ಆರ್ಕಿಟೆಕ್ಟ್ ಆಫೀಸೊಂದರಲ್ಲಿ ನನಗೆ ಡ್ರಾಫ್ಟಿಂಗ್ ಕೆಲಸ. ಫ್ಲ್ಯಾಟ್ ಪ್ರಾಜೆಕ್ಟ್ ಅಂದರೆ ಫೈಲುಗಳ ರಾಶಿ. ಗೋಡೆ, ಬಾಗಿಲು ಎಂದು ನಕ್ಷೆಯ ಒಂದೊಂದು ಭಾಗಕ್ಕೂ ಒಂದೊಂದು ಲೇಯರ್, ಅಂದರೆ ಪದರ. ಫೈಲ್ ಒಂದೊಂದನ್ನೇ ತೆರೆದು ಬೇಡದ ಲೇಯರನ್ನು ಕೈಯಲ್ಲಿ ಫ್ರೀಜ್ ಮಾಡುತ್ತಾ (ಮರೆಮಾಡುತ್ತಾ) ಕೂತರೆ ಕತ್ತಲಾಗುತ್ತದೆ. ಹಾಗಾಗಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ಸ್ಕ್ರಿಪ್ಟ್ ಓಡಿಸುತ್ತೇವೆ. ನೋಟ್‌ಪ್ಯಾಡ್‌ನಲ್ಲಿ ಕಮಾಂಡ್ ಬರೆದು ಎಸ್‌ಸಿಆರ್ ಫೈಲಾಗಿ ಸೇವ್ ಮಾಡಿದರೆ ಆಯ್ತು.

ಹಲವು ಲೇಯರ್ ಹೆಸರುಗಳನ್ನು ಒಟ್ಟಿಗೆ ಹಿಡಿಯಲು ಕೆಲವು ಚಿಹ್ನೆಗಳಿವೆ. ಸ್ಟಾರ್ (*) ಎಲ್ಲರಿಗೂ ಗೊತ್ತು. ‘ವಾಲ್*’ ಅಂದರೆ ವಾಲ್ ಎಂದು ಶುರುವಾಗುವ ಎಲ್ಲ ಲೇಯರ್. # ಒಂದು ಅಂಕಿಗೆ, @ ಒಂದು ಅಕ್ಷರಕ್ಕೆ. ‘ಫ್ಲೋರ್#’ ಬರೆದರೆ ಫ್ಲೋರ್9 ಸಿಗುತ್ತದೆ, ಫ್ಲೋರ್10 ಸಿಗುವುದಿಲ್ಲ. ಹತ್ತು ಮಹಡಿ ದಾಟಿದ ಕಟ್ಟಡ ಈಗ ನಮ್ಮೂರಲ್ಲಿ ಅಪರೂಪವೇನಲ್ಲ, ಅಲ್ವಾ?

ತಲೆ ಕೆಡಿಸುವುದು ~ ಚಿಹ್ನೆ. ಮುಂದೆ ಹಾಕಿದರೆ ‘ಇದನ್ನು ಬಿಟ್ಟು’ ಎಂದರ್ಥ. ಹೊಸದಾಗಿ ಸೇರಿದ ಹುಡುಗ ಗೋಡೆ, ಬಾಗಿಲು ಬಿಟ್ಟು ಉಳಿದದ್ದೆಲ್ಲ ಫ್ರೀಜ್ ಆಗಲಿ ಎಂದು ‘~ವಾಲ್*,~ಡೋರ್*’ ಬರೆದಿದ್ದ.

“ಅಕ್ಕಾ, ಗೋಡೆಯೂ ಹೋಯ್ತಲ್ಲಾ?”

“ಕೋಮಾ ನೋಡು ಮಾರಾಯ.”

ಇಲ್ಲಿ ಕೋಮಾ ‘ಅಥವಾ’ ಎಂದೇ ಕೆಲಸ ಮಾಡುತ್ತದೆ. ಎರಡರಲ್ಲಿ ಒಂದಕ್ಕೆ ಹೊಂದಿದರೂ ಸಾಕು. ವಾಲ್ ಲೇಯರ್ ಡೋರ್ ಅಲ್ಲವಲ್ಲ, ಸಿಕ್ಕಿಬಿತ್ತು. ಡೋರ್ ಲೇಯರ್ ವಾಲ್ ಅಲ್ಲ, ಅದೂ ಸಿಕ್ಕಿಬಿತ್ತು. ಉಳಿದವಂತೂ ಎರಡೂ ಅಲ್ಲ. ತರ್ಕ ಸರಿಯಾಗಿಯೇ ಇದೆ, ನಾವು ಮಾತಾಡುವ ರೀತಿಗೆ ಮಾತ್ರ ಉಲ್ಟಾ.

ದಾರಿ ಸುಲಭ. ~ ಬಿಟ್ಟುಬಿಡಿ. ಮೈನಸ್ ಹಾಕಿದ ಲೇಯರ್ ಕಮಾಂಡಿನಲ್ಲಿ ಮೊದಲು 0 ಲೇಯರನ್ನು ಸೆಟ್ ಮಾಡಿ. ಆಮೇಲೆ * ಕೊಟ್ಟು ಎಲ್ಲ ಫ್ರೀಜ್ ಮಾಡಿ, ‘ವಾಲ್*,ಡೋರ್*’ ಎಂದು ಬೇಕಾದದ್ದನ್ನು ಥಾ ಮಾಡಿ, ಅಂದರೆ ಫ್ರೀಜ್ ಬಿಡಿಸಿ. ಸೆಟ್ ಮಾಡಿದ ಲೇಯರೇ ಕರೆಂಟ್ ಲೇಯರ್, ಅದು ಫ್ರೀಜ್ ಆಗುವುದಿಲ್ಲ, ಅದಕ್ಕೇ 0. ಫ್ರೀಜ್ ಬದಲು ಆಫ್ ಕೊಟ್ಟರೆ ‘ಕರೆಂಟ್ ಲೇಯರ್ ನಿಜಕ್ಕೂ ಆಫ್ ಮಾಡಬೇಕಾ’ ಎಂದು ನಡುವೆ ಕೇಳುತ್ತದೆ. ಸ್ಕ್ರಿಪ್ಟಿನ ಮುಂದಿನ ಪದವನ್ನೇ ಅದಕ್ಕೆ ಉತ್ತರ ಅಂದುಕೊಳ್ಳುತ್ತದೆ. ಅಲ್ಲಿಂದ ಎಲ್ಲ ಅಸ್ತವ್ಯಸ್ತ. ಸ್ಕ್ರಿಪ್ಟಿನಲ್ಲಿ ಸ್ಪೇಸ್ ಅಂದರೂ ಎಂಟರ್ ಎಂಬುದನ್ನೂ ಮರೆಯಬೇಡಿ. ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಸಾಕು, ಕೆಲಸ ಕೆಡಲು.

ನನಗೆ ಇಷ್ಟವಾದದ್ದು ಅದೇ ಕಮಾಂಡಿನ ? ಆಯ್ಕೆ. ಅದಕ್ಕೆ ನಿಮ್ಮ ಪ್ಯಾಟರ್ನ್ ಕೊಟ್ಟರೆ ಯಾವ ಯಾವ ಲೇಯರ್ ಸಿಗುತ್ತವೆ ಎಂದು ಸುಮ್ನೆ ಪಟ್ಟಿ ತೋರಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ಹುಡುಗನಿಗೆ ಅದನ್ನೇ ಓಡಿಸಲು ಹೇಳಿದೆ. ಪಟ್ಟಿಯಲ್ಲಿ ಎಲ್ಲ ಲೇಯರೂ ಬಂತು, ವಿವರಿಸುವ ಕಷ್ಟ ನನಗೆ ತಪ್ಪಿತು.

ಎಕ್ಸ್‌ರೆಫ್ (ಹೊರಗಿನಿಂದ ಜೋಡಿಸಿದ ಇನ್ನೊಂದು ನಕ್ಷೆಯ ಫೈಲ್) ಇರುವ ಫೈಲಾದರೆ ಇನ್ನೊಂದು ವಿಷಯವಿದೆ. ಅಲ್ಲಿನ ಲೇಯರ್ ಹೆಸರಿನ ಮುಂದೆ ಆ ಫೈಲಿನ ಹೆಸರು, ನಡುವೆ | ಗೆರೆ ಇರುತ್ತದೆ. * ಅವನ್ನೂ ಫ್ರೀಜ್ ಮಾಡುತ್ತದೆ, ‘ವಾಲ್*’ ಮಾತ್ರ ಅವನ್ನು ಮುಟ್ಟುವುದಿಲ್ಲ. ಥಾ ಮಾಡುವಾಗ ‘*|ವಾಲ್*’ ಕೂಡ ಸೇರಿಸಿ.